ತೊಟ್ಟಿಲ ಪಕ್ಕದ ಬರವಣಿಗೆ

ಸಕಲೇಶಪುರ, ಆಲೂರು ಕಡೆಯ ಬೆಟ್ಟದ ಊರುಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನೆಯ ಹೆಂಗಸಿನ ದಿನಚರಿಯೇ ಬೇರೆಯಾಗುತ್ತದೆ. ಹೆಗ್ಗದ್ದೆಯಂಥ ಊರಿನಲ್ಲಿ ಎಳೆಮಗುವಿರುವ ಒಂದು ಮನೆಯನ್ನು ನೆನೆದುಕೊಳ್ಳಿ. ಹೊರಗೆ ಬಿಸಿಲಿಲ್ಲ. ಮಗುವಿನ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಮಳೆ ಜೋರಾದರೆ ಶಾಲೆಗೆ ರಜೆ, ದೊಡ್ಡ ಮಕ್ಕಳೂ ಮನೆಯಲ್ಲೇ. ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಇಂಥ ಮನೆಯ ತಾಯಿಯ ತಲೆಯಲ್ಲಿ ಒಂದು ಕಥೆ ಹುಟ್ಟಿತೆನ್ನಿ. ಅದನ್ನು ಅವಳು ಯಾವಾಗ ಬರೆಯಬೇಕು?

ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಕನ್ನಡ ಸಾಹಿತ್ಯದಲ್ಲಿ ಹೆಣ್ಣುಮಕ್ಕಳು ಯಾವಾಗ ಬರೆದರು, ಎಷ್ಟು ಬರೆದರು, ಏನು ಬರೆದರು ಎಂಬುದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸಿದ್ದು ಇದೇ ಪ್ರಶ್ನೆ. ನಮ್ಮ ಸಾಹಿತ್ಯ ಚರಿತ್ರೆಗಳು ಕೃತಿಯ ಹೆಸರು, ಪ್ರಕಟವಾದ ವರ್ಷ, ಬಂದ ಪ್ರಶಸ್ತಿ ಎಲ್ಲವನ್ನೂ ದಾಖಲಿಸುತ್ತವೆ. ಆ ಪುಸ್ತಕ ಬರೆಯುವಾಗ ಮನೆಯ ಮಗು ಯಾರ ಕೈಯಲ್ಲಿತ್ತು ಎಂಬುದನ್ನು ಮಾತ್ರ ಬರೆದಿಡುವುದಿಲ್ಲ.

ಹೊಸಗನ್ನಡದ ಮೊದಲ ತಲೆಮಾರಿನ ಲೇಖಕಿ ನಂಜನಗೂಡು ತಿರುಮಲಾಂಬ (1887-1982) ಅವರನ್ನೇ ನೋಡಿ. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಆರಂಭಿಸಿ, ತಾವೇ ಬರೆದು, ತಾವೇ ಪ್ರಕಟಿಸಿ, ಪತ್ರಿಕೆಗಳನ್ನೂ ನಡೆಸಿದವರು ಅವರು. ಅವರು ಬಾಲವಿಧವೆ. ಸಂಸಾರದ ಬಾಗಿಲನ್ನು ಸಮಾಜ ಮುಚ್ಚಿತ್ತು. ಅವರು ಬರವಣಿಗೆಯ ಬಾಗಿಲನ್ನು ತೆರೆದುಕೊಂಡರು. ಇದನ್ನು ಅದೃಷ್ಟವೆನ್ನುವಂತಿಲ್ಲ. ಆದರೆ ಗಂಡ, ಮಕ್ಕಳ ಜವಾಬ್ದಾರಿ ಇದ್ದಿದ್ದರೆ ಆ ಕಾಲದಲ್ಲಿ ಅಷ್ಟು ಕೆಲಸಕ್ಕೆ ಬಿಡುವು ಸಿಗುತ್ತಿತ್ತೇ ಎಂಬ ಸಂದೇಹ ಬಾರದಿರದು.

ಮಕ್ಕಳಿದ್ದವರು ಹಿಡಿದ ದಾರಿಗಳಲ್ಲಿ ಮೊದಲನೆಯದು ಕಾಯುವುದು. ತೀರ್ಥಹಳ್ಳಿಯ ಸೀಮೆಯ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಹನ್ನೆರಡನೆಯ ವಯಸ್ಸಿಗೇ ಮದುವೆ. ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟವಾದದ್ದು 1963ರಲ್ಲಿ, ಅಂದರೆ ಅವರಿಗೆ ನಲವತ್ತೈದು ದಾಟಿದ ಮೇಲೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರದೂ ಇದೇ ಬಗೆ. ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ, ನಾಲ್ವರು ಗಂಡುಮಕ್ಕಳನ್ನು ಬೆಳೆಸಿದ ಅವರು ಲೇಖಕಿಯಾಗಿ ಕಾಣಿಸಿಕೊಂಡದ್ದು 1980ರ ದಶಕದ ಆರಂಭದಲ್ಲಿ, 'ಲಂಕೇಶ್ ಪತ್ರಿಕೆ'ಯ ಮೂಲಕ. 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಗಿ ಬಂದದ್ದು 1984ರಲ್ಲಿ. ಇಬ್ಬರೂ ಆ ಮೇಲೆ ಸಾಲುಸಾಲಾಗಿ ಬರೆದರು. ಇಷ್ಟು ವರ್ಷ ಮನಸ್ಸಿನಲ್ಲೇ ಮಾಗಿದ ಅನುಭವ ಅವರ ಬರವಣಿಗೆಗೆ ಬಲ ಕೊಟ್ಟಿತು ಎಂದು ನಾವು ಸಂತೋಷಪಡುತ್ತೇವೆ. ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ ಅವರು ಬರೆಯಬಹುದಾಗಿದ್ದ ಪುಸ್ತಕಗಳು ಯಾವುವೆಂದು ಯಾರೂ ಕೇಳುವುದಿಲ್ಲ.

ಕಾಯದೆ ಬರೆದವರೂ ಇದ್ದಾರೆ. ಅವರಲ್ಲಿ ತ್ರಿವೇಣಿಯವರ ಕಥೆ ಎಲ್ಲಕ್ಕಿಂತ ನೋವಿನದು. 1953ರಲ್ಲಿ 'ಅಪಸ್ವರ' ಕಾದಂಬರಿಯಿಂದ ಆರಂಭಿಸಿ ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ಕೊಟ್ಟವರು ಅವರು. ಹೆಣ್ಣಿನ ಮನಸ್ಸಿನ ಒಳಗನ್ನು ಅಷ್ಟು ಬಿಚ್ಚಿ ನೋಡಿದವರು ಅವರಿಗಿಂತ ಹಿಂದೆ ವಿರಳ. 'ಶರಪಂಜರ'ದ ಕಾವೇರಿಯನ್ನು ಮರೆಯುವುದುಂಟೇ? ಎರಡನೆಯ ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ತಪ್ಪಿ, ಗುಣವಾಗಿ ಮನೆಗೆ ಬಂದರೂ 'ಹುಚ್ಚಿ' ಎಂಬ ಹೆಸರಿನಿಂದ ಬಿಡುಗಡೆ ಪಡೆಯದ ಹೆಣ್ಣು ಅವಳು. ಪುಟ್ಟಣ್ಣ ಕಣಗಾಲರ ಚಿತ್ರ ಅವಳನ್ನು ನಾಡಿನ ಮನೆಮನೆಗೆ ಕೊಂಡೊಯ್ದಿತು. ಬಾಣಂತಿಯ ಮನಸ್ಸಿಗೂ ಕಾಯಿಲೆ ಬರಬಹುದು, ಅದು ವಾಸಿಯಾಗಬಹುದು ಎಂದು ಹೇಳಿದ ತ್ರಿವೇಣಿ, ತಾವೇ ತಾಯಿಯಾದ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ತೀರಿಕೊಂಡರು. ಆಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಕಾವೇರಿಯ ಕಾಯಿಲೆಗೆ 'ಬಾಣಂತಿ ಸನ್ನಿ' ಎಂಬ ಹೆಸರು ಹಿಂದಿನಿಂದಲೂ ಇದೆ. ಅಂಥ ತೀವ್ರ ರೂಪ ಅಪರೂಪ. ಆದರೆ ಹೆರಿಗೆಯ ನಂತರದ ಖಿನ್ನತೆ ಅಪರೂಪವಲ್ಲ. ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿ, ಬಡ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿ ನೂರಕ್ಕೆ 20ರ ಹತ್ತಿರ, ಮಾನಸಿಕ ತೊಂದರೆಗೆ ಸಿಲುಕುತ್ತಾರೆ, ಅದರಲ್ಲಿ ಹೆಚ್ಚಿನದು ಖಿನ್ನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬಾಣಂತನದ ಪದ್ಧತಿ ತಾಯಿಯ ಮೈಯನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ತವರುಮನೆ, ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಪಥ್ಯದ ಊಟ, ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ಅತ್ತಿಗೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಪದ್ಧತಿ ಮಾತ್ರ ಅದರಲ್ಲಿ ಸೇರಿಲ್ಲ.

ಇಲ್ಲಿಂದ ಮತ್ತೆ ನಮ್ಮ ಜಿಲ್ಲೆಗೇ ಬರಬೇಕು. ಸಕಲೇಶಪುರದಿಂದ ಘಟ್ಟದ ಮೇಲಿನ ಹೆದ್ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರ್ ಬಂದರೆ ಹಾಸನ. 1948ರಲ್ಲಿ ಆ ಪಟ್ಟಣದಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರು ಪ್ರೀತಿಸಿ ಮದುವೆಯಾದದ್ದು 26ನೆಯ ವಯಸ್ಸಿನಲ್ಲಿ. ಬರೆಯಬೇಕೆಂಬ ಹಂಬಲ ಮೊದಲಿನಿಂದಲೂ ಇತ್ತು. ಮದುವೆಯ ನಂತರ ಬುರ್ಖಾ ತೊಡಬೇಕು, ಮನೆಗೆಲಸಕ್ಕೆ ಒಗ್ಗಿಕೊಳ್ಳಬೇಕು ಎಂಬ ಮಾತು ಬಂತು. 29ನೆಯ ವಯಸ್ಸಿನಲ್ಲಿ, ತಾಯಿಯಾದ ಮೇಲೆ, ಖಿನ್ನತೆ ಆವರಿಸಿತು. ಒಂದು ದಿನ ಬದುಕನ್ನೇ ಕೊನೆಗಾಣಿಸಲು ಹೊರಟದ್ದನ್ನೂ, ಪತಿ ಸಮಯಕ್ಕೆ ತಡೆದು, ಮಗುವನ್ನು ತಮ್ಮ ಪಾದದ ಬಳಿ ಇಟ್ಟು ನಮ್ಮನ್ನು ಬಿಟ್ಟು ಹೋಗಬೇಡವೆಂದು ಬೇಡಿಕೊಂಡದ್ದನ್ನೂ ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಅವರ 'ಎದೆಯ ಹಣತೆ' ಕಥೆ ಓದಿದವರಿಗೆ ಈ ಘಟನೆಯ ನೆರಳು ಎಲ್ಲಿ ಬಿದ್ದಿದೆ ಎಂದು ಹೇಳಬೇಕಾಗಿಲ್ಲ. ಗಂಡ ಕೈಬಿಟ್ಟ, ತವರೂ ಒಪ್ಪದ ಮೆಹರುನ್ ಎಂಬ ತಾಯಿಯನ್ನು ಸಾವಿನ ಅಂಚಿನಿಂದ ಹಿಂದಕ್ಕೆ ಕರೆಯುವವಳು ಎಳೆಗೂಸನ್ನು ಎತ್ತಿಕೊಂಡು ಬಂದ ಹಿರಿಯ ಮಗಳು. ಬದುಕಿನಲ್ಲಿ ಗಂಡ ನಿಂತ ಜಾಗದಲ್ಲಿ ಕಥೆಯೊಳಗೆ ಮಗಳು ನಿಂತಿದ್ದಾಳೆ. ಮಕ್ಕಳು ಬರವಣಿಗೆಗೆ ಅಡ್ಡಿ ಎಂಬ ಮಾತನ್ನು ಸಲೀಸಾಗಿ ಹೇಳಿಬಿಡುವವರು ಈ ಬದಲಾವಣೆಯನ್ನು ಗಮನಿಸಬೇಕು. ಸಮಯವನ್ನು ಕಸಿದ ಮಗುವೇ ಕಥೆಯ ಎಣ್ಣೆಯೂ ಆಯಿತು.

ಬಾನು ಆ ಮೇಲೆ 'ಲಂಕೇಶ್ ಪತ್ರಿಕೆ'ಗೆ ವರದಿ ಮಾಡಿದರು, ನಗರಸಭೆಗೆ ಆಯ್ಕೆಯಾದರು, ವಕೀಲಿ ವೃತ್ತಿ ಹಿಡಿದರು, ಬಂಡಾಯ ಚಳವಳಿಯಲ್ಲಿ ನಿಂತರು, ಮಕ್ಕಳನ್ನು ಬೆಳೆಸಿದರು. ಇವೆಲ್ಲದರ ನಡುವೆ ಹುಟ್ಟಿದ್ದು ಹೆಚ್ಚಾಗಿ ಸಣ್ಣ ಕಥೆಗಳು: ಆರು ಸಂಕಲನಗಳು, ಒಂದೇ ಕಾದಂಬರಿ. ಸಣ್ಣ ಕಥೆ ಕಿರಿದಾದ ಪ್ರಕಾರವೆಂದು ಕೆಲವರು ತಿಳಿಯುತ್ತಾರೆ. ಆದರೆ ಕಾದಂಬರಿಗೆ ತಿಂಗಳುಗಟ್ಟಲೆ ಕಡಿಯದ ಗಮನ ಬೇಕು. ಕಥೆಯಾದರೆ ಕೋರ್ಟಿನಿಂದ ಬರುವಾಗ ತಲೆಯಲ್ಲಿ ತಿರುಗಿಸಿಕೊಂಡು, ಮನೆ ಮಲಗಿದ ಮೇಲೆ ಕಾಗದಕ್ಕೆ ಇಳಿಸಬಹುದು. 1990ರಿಂದ 2023ರವರೆಗೆ ಪ್ರಕಟವಾದ ಅವರ ಕಥೆಗಳಿಂದ ಹನ್ನೆರಡನ್ನು ಆರಿಸಿ ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಕಥಾಸಂಕಲನವೊಂದಕ್ಕೂ ಅದೇ ಮೊದಲು. ಬಿಡುವಿಲ್ಲದವರ ಪ್ರಕಾರ ಅಲ್ಲಿ ಗೆದ್ದಿತು ಎಂದರೆ ತಪ್ಪಾಗಲಾರದು.

ಇನ್ನೊಂದು ದಾರಿ ಅನುಪಮಾ ನಿರಂಜನ ಅವರದು. ವೈದ್ಯೆ, ಕಾದಂಬರಿಗಾರ್ತಿ, ಇಬ್ಬರು ಹೆಣ್ಣುಮಕ್ಕಳ ತಾಯಿ. ಪತಿ ನಿರಂಜನ ಅವರೂ ಲೇಖಕರು. 1970ರ ದಶಕದ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದ ಮೇಲೆ ಮನೆಯ ಭಾರ ಇನ್ನೂ ಹೆಚ್ಚಿತು. ಇಂಥ ಮನೆಯಿಂದಲೇ ಬಂದದ್ದು ದಿನಕ್ಕೊಂದರಂತೆ ವರ್ಷವಿಡೀ ಹೇಳಬಹುದಾದ ಕಥೆಗಳ ಮಾಲೆ, 'ದಿನಕ್ಕೊಂದು ಕಥೆ'. 'ಕಥೆ ಹೇಳು' ಎಂದು ಮಗು ಸೆರಗು ಜಗ್ಗುವುದನ್ನು ಎಲ್ಲ ತಾಯಂದಿರೂ ಬಲ್ಲರು. ಅದೇ ಬೇಡಿಕೆಗೆ ಹನ್ನೆರಡು ಸಂಪುಟಗಳ ಉತ್ತರ ಅದು. 'ತಾಯಿ-ಮಗು' ಎಂಬ ಅವರ ಪುಸ್ತಕವನ್ನು ಓದಿ ಮಗು ಸಾಕಿದ ಮನೆಗಳು ಕನ್ನಡನಾಡಿನಲ್ಲಿ ಅನೇಕ.

ಗಂಡಸರು ಬರೆಯುವಾಗ ಈ ಲೆಕ್ಕ ಹೇಗಿತ್ತು? ಸಕಲೇಶಪುರದ ಪಕ್ಕದ ತಾಲ್ಲೂಕು ಮೂಡಿಗೆರೆ. ಅಲ್ಲಿನ ತೋಟದಲ್ಲಿದ್ದು ಪೂರ್ಣಚಂದ್ರ ತೇಜಸ್ವಿ ಬರೆದರು, ಚಿತ್ರ ತೆಗೆದರು, ಮೀನು ಹಿಡಿದರು. ಇಬ್ಬರು ಹೆಣ್ಣುಮಕ್ಕಳಿದ್ದ ಆ ಮನೆಯನ್ನು ನಡೆಸಿದ ರಾಜೇಶ್ವರಿ ತೇಜಸ್ವಿಯವರು ತಾವೇ ಲೇಖಕಿಯಾಗಿ ನಮಗೆ ಪರಿಚಯವಾದದ್ದು 2007ರಲ್ಲಿ ತೇಜಸ್ವಿ ತೀರಿಕೊಂಡ ನಂತರ, 'ನನ್ನ ತೇಜಸ್ವಿ' ಬಂದಾಗ. ಓದಿದವರಿಗೆ ಆಶ್ಚರ್ಯ: ಇಷ್ಟು ಚೆನ್ನಾಗಿ ಬರೆಯಬಲ್ಲ ಕೈ ಇಷ್ಟು ವರ್ಷ ಎಲ್ಲಿತ್ತು? ಇದು ತೇಜಸ್ವಿಯವರ ಮೇಲಿನ ದೂರಲ್ಲ. ಒಂದು ಮನೆಯಲ್ಲಿ ಒಬ್ಬರು ಬರೆಯಬೇಕಾದರೆ ಇನ್ನೊಬ್ಬರ ಕೈ ಬೇರೆಲ್ಲವನ್ನೂ ಹಿಡಿದಿರುತ್ತದೆ ಎಂಬ ಮಾತಿಗೆ ಸಾಕ್ಷಿ.

ಅಂಕಿ ಅಂಶಗಳೂ ಇದನ್ನೇ ಹೇಳುತ್ತವೆ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಮಕ್ಕಳು, ಮುದುಕರ ಆರೈಕೆಗೆ ಹೆಂಗಸರು 134 ನಿಮಿಷ, ಗಂಡಸರು 76 ನಿಮಿಷ. ಎರಡನ್ನೂ ಮಾಡುವ ತಾಯಿಗೆ ಏಳು ಗಂಟೆಗೂ ಹೆಚ್ಚು ಕೆಲಸ ಇಲ್ಲೇ ಮುಗಿಯಿತು. ಕಥೆಗೆ ಉಳಿಯುವುದು ನಿದ್ದೆಯ ಹೊತ್ತು.

ಹಾಗೆಂದು ಮಗುವಿಗೆ ಇನ್ನೊಂದು ಕೈ ಬೇಕೆಂಬುದು ಸಮಾಜಕ್ಕೆ ತಿಳಿಯದ ವಿಷಯವೇನಲ್ಲ. ನಮ್ಮ ಕಾಫಿ ಸೀಮೆಯೇ ಅದಕ್ಕೆ ಉದಾಹರಣೆ. 1951ರ ತೋಟ ಕಾರ್ಮಿಕರ ಕಾಯ್ದೆ, ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳಲು ಶಿಶುವಿಹಾರ ಇರಬೇಕೆಂದು ವಿಧಿಸಿತು. 1975ರಲ್ಲಿ ಅಂಗನವಾಡಿಗಳು ಬಂದವು. 2023ರಲ್ಲಿ ರಾಜ್ಯ ಸರ್ಕಾರ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 'ಕೂಸಿನ ಮನೆ' ಯೋಜನೆ ಪ್ರಕಟಿಸಿತು. ಎಲ್ಲ ಕಡೆ ಇವು ಸರಿಯಾಗಿ ನಡೆದವೆಂದಲ್ಲ. ಆದರೆ ಕಾಫಿ ಹಣ್ಣು ಕೊಯ್ಯುವ ಹೆಂಗಸು ಬೆನ್ನಿಗೆ ಮಗು ಕಟ್ಟಿಕೊಂಡು ದುಡಿಯಬಾರದು ಎಂಬಷ್ಟನ್ನು ಕಾನೂನು ಒಪ್ಪಿತು. ಏಕೆಂದರೆ ಅದು ಕೆಲಸ. ಬರವಣಿಗೆಯನ್ನು ಮಾತ್ರ ಮನೆಯವರೂ ಕೆಲಸವೆಂದು ಎಣಿಸುವುದಿಲ್ಲ. 'ಸುಮ್ಮನೆ ಏನೋ ಬರೆಯುತ್ತಾ ಕೂತಿದ್ದಾಳೆ' ಎಂಬುದು ನಾವೆಲ್ಲ ಕೇಳಿದ ಮಾತು, ಕೆಲವೊಮ್ಮೆ ನಾವೇ ಆಡಿದ ಮಾತು.

ತ್ರಿವೇಣಿಯವರು ಬಿಟ್ಟುಹೋದ ಆ ಹಸುಗೂಸಿನ ವಿಷಯ ಹೇಳದೆ ಮುಗಿಸುವಂತಿಲ್ಲ. ಮೈಸೂರಿನಲ್ಲಿ ತ್ರಿವೇಣಿ ಬದುಕಿ ಬರೆದ ಮನೆಯನ್ನು ಉಳಿಸಿಕೊಂಡು ಅವರ ನೆನಪಿನ ವಸ್ತುಸಂಗ್ರಹಾಲಯವಾಗಿಸಲು ಮುಂದಾದವರು ಮಗಳು ಮೀರಾ. ತಾಯಿಯನ್ನು ಕಂಡ ನೆನಪಿಲ್ಲದ ಮಗಳಿಗೆ ತಾಯಿ ಸಿಕ್ಕಿದ್ದು ಪುಸ್ತಕಗಳಲ್ಲಿ.

ನಿಮ್ಮ ಮನೆಯಲ್ಲೂ ಅಡುಗೆಮನೆಯ ಮೂಲೆಯಲ್ಲಿ ನೋಟ್‌ಬುಕ್ಕೊಂದನ್ನು ಮುಚ್ಚಿಟ್ಟುಕೊಂಡವರು ಇರಬಹುದು. ಈ ಭಾನುವಾರ ಮಗುವನ್ನು ಒಂದೆರಡು ಗಂಟೆ ನೀವು ಎತ್ತಿಕೊಳ್ಳಿ. ಏನು ಬರೆದೆ ಎಂದು ಮಾತ್ರ ತಕ್ಷಣ ಕೇಳಬೇಡಿ.