ಮಕ್ಕಳು ಸಿನಿಮಾ ಓದುತ್ತೇವೆಂದರೆ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ನನ್ನಲ್ಲಿ ಓದಿದ್ದ ಹುಡುಗನೊಬ್ಬನನ್ನು ಅವನ ತಂದೆ ನಮ್ಮ ಮನೆಗೆ ಕರೆತಂದರು. “ಮೇಷ್ಟ್ರೇ, ಇವನು ಸಿನಿಮಾ ಓದುತ್ತಾನಂತೆ. ನೀವಾದರೂ ಬುದ್ಧಿ ಹೇಳಿ” ಎಂದರು. ನಾನು ಕನ್ನಡ ಪಂಡಿತ; ಕೇಶಿರಾಜನನ್ನು ಬಲ್ಲೆನೇ ಹೊರತು ಕ್ಯಾಮರಾವನ್ನಲ್ಲ. ಆದರೂ ತಿಳಿದವನಂತೆ, “ಬಣ್ಣದ ಬದುಕನ್ನು ನೆಚ್ಚಬೇಡಪ್ಪಾ” ಎಂದುಬಿಟ್ಟೆ. ಹುಡುಗ ಮರುಮಾತಾಡದೆ ಹೋದ. ಬೇರೆ ಓದು ಹಿಡಿದ. ಅವನು ಬಯಸಿದ್ದು ನಟನೆಯನ್ನಲ್ಲ, ಶಬ್ದಗ್ರಹಣವನ್ನು ಎಂಬುದು ನನಗೆ ತಿಳಿದದ್ದು ಆಮೇಲೆ. ನನ್ನಂತೆ ನೀವೂ ಎಡವಬಾರದೆಂದು, ವಿಚಾರಿಸಿ ತಿಳಿದ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇನೆ.

ರೇಡಿಯೋ ನಾಟಕ ಕೇಳುವ ನಿಮಗೆ ಸದ್ದಿನ ಬೆಲೆ ಗೊತ್ತೇ ಇದೆ. ಬಾಗಿಲು ಕಿರುಗುಟ್ಟಿದರೆ ಸಾಕು, ಇಡೀ ಮನೆ ಕಣ್ಣ ಮುಂದೆ ನಿಲ್ಲುತ್ತದೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಚಿತ್ರವನ್ನು ಒಂದು ಯಂತ್ರವೂ ಮಾತನ್ನು ಇನ್ನೊಂದು ಯಂತ್ರವೂ ಹಿಡಿಯುತ್ತವೆ. ಯಂತ್ರಗಳು ಓಡತೊಡಗಿದ ಮೇಲೆ, ನಟನೆಗೆ ಮೊದಲು ಒಬ್ಬರು ಹಲಗೆಯನ್ನು ‘ಟಪ್’ ಎಂದು ಬಡಿಯುವುದು ಇದಕ್ಕಾಗಿಯೇ. ಹಲಗೆ ಕೂಡಿದ ಚಿತ್ರಕ್ಕೆ ಆ ಸದ್ದನ್ನು ಸರಿಯಾಗಿ ಜೋಡಿಸಿದರೆ ಮುಂದೆ ತುಟಿಗೂ ಮಾತಿಗೂ ಹೊಂದಿಕೆಯಾಗುತ್ತದೆ. ಸೆಕೆಂಡಿಗೆ 24 ಚಿತ್ರಗಳು ಓಡುವ ಈ ಕೆಲಸದಲ್ಲಿ ಭೌತಶಾಸ್ತ್ರವೂ ಬೇಕು, ರಸಜ್ಞತೆಯೂ ಬೇಕು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಕ್ಕೆ ತಿರುಗಿಸಿ ಅವರು ಮೂಡಿಸಿದ ಬೆಳಕಿನ ಕೋಲು ಪ್ರಸಿದ್ಧವಾಗಿದೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದಾಯಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಆ ಪಾಠಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಮುಂದುವರಿದಿದೆ.

ಪದವಿ ಪಡೆದವರಿಗೆ ಪುಣೆಯ ಸಂಸ್ಥೆಯುಂಟು. ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಕೇಂದ್ರ ಸರ್ಕಾರ ಅದನ್ನು ಸ್ಥಾಪಿಸಿತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ — ಇವು ಅಲ್ಲಿನ ಮುಖ್ಯ ಶಾಖೆಗಳು. ಔಷಧಶಾಸ್ತ್ರದಲ್ಲಿ ಪದವೀಧರರಾಗಿದ್ದ ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತು ಬಂದು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು; ಅದಕ್ಕೆ ಸ್ವರ್ಣಕಮಲ ಬಂತು.

ಎಲ್ಲರಿಗೂ ಕಮಲ ಸಿಕ್ಕೀತೆಂದು ಹೇಳುವವನು ನಾನಲ್ಲ. ಈ ಕಸುಬಿನಲ್ಲಿ ಬಹುಮಟ್ಟಿಗೆ ಒಂದು ಚಿತ್ರ ಮುಗಿದರೆ ಇನ್ನೊಂದನ್ನು ಹುಡುಕಬೇಕು. ಮೊದಲ ಕೆಲವು ವರ್ಷ ಸಹಾಯಕರಾಗಿ ದುಡಿಯಬೇಕು. ತಿಂಗಳ ಮೊದಲ ತಾರೀಖಿನ ಸಂಬಳವನ್ನು ನೆಚ್ಚುವಂತಿಲ್ಲ. ಆದರೆ ಕಲಿತ ಕೈಗೆ ಕೆಲಸವಿರುವುದು ಸಿನಿಮಾದಲ್ಲಿ ಮಾತ್ರವಲ್ಲ: ಸುದ್ದಿವಾಹಿನಿ, ಸಾಕ್ಷ್ಯಚಿತ್ರ, ಜಾಹೀರಾತು, ಧಾರಾವಾಹಿ, ಪಾಠದ ವಿಡಿಯೋ ಎಲ್ಲಕ್ಕೂ ಬೆಳಕು, ಸದ್ದು, ಸಂಕಲನ ಬಲ್ಲವರು ಬೇಕು.

ಆದುದರಿಂದ ಹಣ ಕಟ್ಟುವ ಮುನ್ನ ಮಗುವಿನೊಡನೆ ಹೋಗಿ ಶಾಲೆಯನ್ನು ನೋಡಿ ಬನ್ನಿ. ಪಾಠ ಹೇಳುವವರು ಯಾರು, ಯಂತ್ರಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಎಂದು ಕೇಳಿ. ವಿದ್ಯಾರ್ಥಿಗಳು ಮಾಡಿದ ಚಿತ್ರಗಳನ್ನು ತೋರಿಸಲು ಹೇಳಿ. ಮನೆಯ ಫೋನಿನಲ್ಲೇ ಐದು ನಿಮಿಷದ ಚಿತ್ರವೊಂದನ್ನು ಮಗು ತಾನೇ ಮಾಡಿ ಮುಗಿಸಲಿ; ಆಸೆಯೋ ಆಸಕ್ತಿಯೋ ಅದರಲ್ಲಿ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು, ಆ ಸಂಜೆ ನಾನು ಕೇಳದೆ ಹೋದ ಮಾತೊಂದನ್ನು ನೀವು ಕೇಳಿ: “ನೀನು ಕಲಿಯಬೇಕೆಂದಿರುವುದು ಏನಪ್ಪಾ?”