ತಳವಿಲ್ಲದ ಬೆಳ್ಳಿಯ ಹೂಜಿ

ನ್ಯೂಯಾರ್ಕ್ ನಗರದ ನಲವತ್ತನಾಲ್ಕನೆಯ ಬೀದಿಯಲ್ಲಿ ಒಂದು ಹಳೆಯ ಕಲ್ಲಿನ ಸೌಧವಿದೆ. ಅದರ ಮುಂಭಾಗದ ಕಿಟಕಿಗಳು ಪುರಾತನ ಹಡಗುಗಳ ಹಿಂಬದಿಯಂತೆ ಬೀದಿಯ ಕಡೆಗೆ ಉಬ್ಬಿಕೊಂಡಿವೆ. ಸಮುದ್ರದ ಅಲೆ ಅಲ್ಲಿಗೆ ಮುಟ್ಟದು. ಸುತ್ತಲೂ ಇರುವುದು ಮೋಟಾರುಗಳ ಸದ್ದು, ಗಗನಚುಂಬಿ ಕಟ್ಟಡಗಳ ನೆರಳು. ಆದರೂ ಹಾಯಿನೌಕೆಗಳ ಕಥೆಯನ್ನು ಬಲ್ಲವರಿಗೆ ಅದೊಂದು ಯಾತ್ರಾಸ್ಥಳ. ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ಸೇರಿದ ಆ ಮನೆಯಲ್ಲಿ ಬಹುಕಾಲ ಬೆಳ್ಳಿಯ ಹೂಜಿಯೊಂದನ್ನು ಬೋಲ್ಟು ಹಾಕಿ ಮೇಜಿಗೆ ಬಿಗಿದಿದ್ದರು.

ಆ ಹೂಜಿಗೆ ತಳವೇ ಇಲ್ಲ. ಒಂದು ಗುಟುಕು ನೀರು ಕೂಡ ಅದರಲ್ಲಿ ನಿಲ್ಲದು. ಆದರೂ ಅದಕ್ಕಾಗಿ ಸಿರಿವಂತರು ಹಣದ ಹೊಳೆ ಹರಿಸಿದರು, ಸ್ನೇಹಿತರು ವೈರಿಗಳಾದರು, ವೈರಿಗಳು ಸ್ನೇಹಿತರೂ ಆದರು. ಗೆದ್ದ ವಸ್ತುವನ್ನು ಕಾಯುವುದು ಹಿರಿದೋ, ಸೋತು ನಗುವುದು ಹಿರಿದೋ ಎಂಬ ಪ್ರಶ್ನೆಗೆ ಈ ಕ್ಲಬ್ಬಿನ ಚರಿತ್ರೆಯೇ ಒಂದು ಉತ್ತರ.

ನೌಕೆಯಲ್ಲಿ ನಡೆದ ಸಭೆ

1844ನೆಯ ಇಸವಿ ಜುಲೈ 30. ನ್ಯೂಯಾರ್ಕ್ ಬಂದರಿನಲ್ಲಿ ಲಂಗರು ಹಾಕಿದ್ದ ‘ಜಿಮ್‌ಕ್ರ್ಯಾಕ್’ ಎಂಬ ವಿಹಾರನೌಕೆಯಲ್ಲಿ ಒಂಬತ್ತು ಜನ ಮಹನೀಯರು ಸೇರಿದರು. ನೌಕೆಯ ಒಡೆಯ ಜಾನ್ ಕಾಕ್ಸ್ ಸ್ಟೀವನ್ಸ್. ಅಂದೇ ಕ್ಲಬ್ಬು ಹುಟ್ಟಿತು. ಸ್ಟೀವನ್ಸನೇ ಅದರ ಮೊದಲ ಕಮೋಡೋರ್, ಎಂದರೆ ಅಧ್ಯಕ್ಷ, ಆದನು. ಕೆಲವೇ ದಿನಗಳಲ್ಲಿ ಸದಸ್ಯರ ನೌಕೆಗಳು ನ್ಯೂಪೋರ್ಟ್ ಪಟ್ಟಣದತ್ತ ಒಟ್ಟಾಗಿ ಹಾಯಿ ಬಿಚ್ಚಿದವು. ಹೀಗೆ ಜೊತೆಗೂಡಿ ಯಾನ ಹೊರಡುವ ಪರಿಪಾಠವನ್ನು ಕ್ಲಬ್ಬು ಇಂದಿಗೂ ಉಳಿಸಿಕೊಂಡಿದೆ. ಮರುವರ್ಷ ಹಡ್ಸನ್ ನದಿಯಾಚೆಯ ಹೋಬೋಕನ್‌ನಲ್ಲಿ ಮರದ ಚಿಕ್ಕ ಮನೆಯೊಂದು ಎದ್ದಿತು. ವಾರ್ಷಿಕ ಪಂದ್ಯಗಳೂ ಮೊದಲಾದವು.

1851ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಅಮೆರಿಕದ ನೌಕಾಶಿಲ್ಪವನ್ನು ಇಂಗ್ಲೆಂಡಿಗೆ ತೋರಿಸಬೇಕೆಂದು ಸ್ಟೀವನ್ಸ್ ಮತ್ತು ಅವನ ಗೆಳೆಯರು ಹಣ ಕೂಡಿಸಿ ‘ಅಮೆರಿಕ’ ಎಂಬ ನೌಕೆಯನ್ನು ಕಟ್ಟಿಸಿದರು. ಅದರ ಆಕಾರವನ್ನು ರೂಪಿಸಿದವನು ಜಾರ್ಜ್ ಸ್ಟಿಯರ್ಸ್ ಎಂಬ ತರುಣ. ಅಟ್ಲಾಂಟಿಕ್ ಸಾಗರವನ್ನು ದಾಟಿದ ಆ ನೌಕೆ ಆಗಸ್ಟ್ 22ರಂದು ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ಬ್ರಿಟಿಷ್ ನೌಕೆಗಳ ಒಂದು ಗುಂಪನ್ನೇ ಹಿಂದಿಕ್ಕಿತು. ಎರಡನೆಯವರು ಯಾರೆಂದು ವಿಕ್ಟೋರಿಯಾ ರಾಣಿ ಕೇಳಿದಾಗ, ಎರಡನೆಯವರೇ ಇಲ್ಲವೆಂದು ಉತ್ತರ ಬಂದಿತೆಂಬ ಕಥೆ ಪ್ರಚಲಿತವಾಗಿದೆ. ಕಥೆ ಹೇಗಾದರೂ ಇರಲಿ, ಬೆಳ್ಳಿಯ ಹೂಜಿ ಮಾತ್ರ ನ್ಯೂಯಾರ್ಕಿಗೆ ಬಂದಿತು.

1857ರಲ್ಲಿ ಅದನ್ನು ಗೆದ್ದವರು ಕ್ಲಬ್ಬಿಗೆ ದಾನವಾಗಿ ಕೊಟ್ಟರು. ಆದರೆ ದಾನಪತ್ರದಲ್ಲಿ ಒಂದು ಷರತ್ತಿತ್ತು: ಅದು ರಾಷ್ಟ್ರ ರಾಷ್ಟ್ರಗಳ ನಡುವೆ ಸ್ನೇಹದ ಸ್ಪರ್ಧೆಗೆ ಸದಾಕಾಲವೂ ತೆರೆದಿರಬೇಕು, ಯಾವ ವಿದೇಶೀ ಯಾಟ್ ಕ್ಲಬ್ಬು ಬೇಕಾದರೂ ಸವಾಲು ಹಾಕಬಹುದು. ನೌಕೆಯ ಹೆಸರಿನಿಂದಲೇ ಅದು ‘ಅಮೆರಿಕಾಸ್ ಕಪ್’ ಎನಿಸಿತು. ಬಾಗಿಲು ಮುಚ್ಚಿದ ಶ್ರೀಮಂತರ ಕೂಟವೊಂದರ ಕೈಯಲ್ಲಿ ಜಗತ್ತಿಗೆಲ್ಲ ತೆರೆದಿಟ್ಟ ಪಣವಿತ್ತು!

ಸ್ನೇಹವೂ ಸಂಶಯವೂ

ಮೊದಲ ಸವಾಲು ಬಂದದ್ದು 1870ರಲ್ಲಿ. ಇಂಗ್ಲೆಂಡಿನ ಜೇಮ್ಸ್ ಆಶ್‌ಬರಿ ತನ್ನ ‘ಕೇಂಬ್ರಿಯ’ವನ್ನು ತಂದಾಗ ಕ್ಲಬ್ಬು ಅದರೆದುರಿಗೆ ಒಂದೆರಡಲ್ಲ, ತನ್ನ ನೌಕೆಗಳ ಇಡೀ ಪಡೆಯನ್ನೇ ನಿಲ್ಲಿಸಿತು. ಒಂದಕ್ಕೊಂದು ಎದುರಾಗುವ ನ್ಯಾಯವಾದ ಪದ್ಧತಿ ಬಂದದ್ದು ಆಮೇಲೆ. ಸವಾಲಿನ ನೌಕೆ ಸಾಗರದ ಮೇಲೆ ತಾನೇ ತೇಲಿ ಬರಬೇಕೆಂಬ ನಿಯಮವೂ ಬಹುಕಾಲ ಇದ್ದಿತು. ಸಾಗರ ದಾಟಬೇಕಾದ ನೌಕೆಗೆ ಗಟ್ಟಿಯಾದ ಮೈ ಬೇಕು. ಮನೆಯ ಮುಂದೆಯೇ ಓಡುವ ನೌಕೆ ಹಗುರವಾಗಿದ್ದರೂ ಸಾಕು. ಕಪ್ಪನ್ನು ಕಾಯುವವರಿಗೆ ಇದೇನು ಸಣ್ಣ ಅನುಕೂಲವೇ?

1895ರಲ್ಲಿ ಕಹಿ ಉಕ್ಕಿ ಬಂದಿತು. ಅಮೆರಿಕನ್ನರು ಅಳತೆಯಾದ ಮೇಲೆ ತಮ್ಮ ನೌಕೆಯಲ್ಲಿ ಗುಟ್ಟಾಗಿ ಭಾರ ತುಂಬಿದರೆಂದು ಡನ್‌ರೇವನ್ ಪ್ರಭು ಆರೋಪಿಸಿದನು. ಕ್ಲಬ್ಬು ವಿಚಾರಣೆ ನಡೆಸಿತು, ಆರೋಪ ನಿಲ್ಲಲಿಲ್ಲ. ಪ್ರಭುವಿನ ಗೌರವ ಸದಸ್ಯತ್ವ ರದ್ದಾಯಿತು. ಸ್ನೇಹಕ್ಕೆಂದು ಕೊಟ್ಟ ಹೂಜಿಯಿಂದ ವಿಷ ಸುರಿದಂತಾಯಿತು.

ಚಹಾ ವ್ಯಾಪಾರಿಯ ಛಲ

ಆ ಗಾಯವನ್ನು ಮಾಯಿಸಿದವನು ಒಬ್ಬ ಅಂಗಡಿಕಾರ. ಚಹಾದ ಪೊಟ್ಟಣಗಳ ಮೇಲೆ ನಮ್ಮ ಗೃಹಿಣಿಯರು ಕಂಡಿರುವ ‘ಲಿಪ್ಟನ್’ ಎಂಬ ಹೆಸರು ಅವನದೇ. ಗ್ಲಾಸ್ಗೋ ನಗರದ ಬಡ ಮನೆತನದಲ್ಲಿ ಹುಟ್ಟಿ, ಸಿಂಹಳದ ಚಹಾ ತೋಟಗಳ ಒಡೆಯನಾದ ಸರ್ ಥಾಮಸ್ ಲಿಪ್ಟನ್, 1899ರಿಂದ 1930ರವರೆಗೆ ಐದು ಬಾರಿ ಸವಾಲು ಹಾಕಿದನು. ಐದು ನೌಕೆಗಳಿಗೂ ಒಂದೇ ಹೆಸರು, ‘ಶಾಮ್‌ರಾಕ್’. ಐದು ಸಲವೂ ಸೋಲು. 1920ರಲ್ಲಂತೂ ಮೊದಲ ಎರಡು ಓಟಗಳನ್ನು ಗೆದ್ದು, ಇನ್ನೊಂದೇ ಗೆಲುವು ಬೇಕಾಗಿದ್ದಾಗ, ಉಳಿದ ಮೂರನ್ನೂ ಕಳೆದುಕೊಂಡನು. ಆದರೆ ದೂರಲಿಲ್ಲ, ಗೊಣಗಲಿಲ್ಲ; ನಗುನಗುತ್ತಲೇ ಹಿಂದಿರುಗಿದನು.

ಅವನ ಸ್ವದೇಶದ ಪ್ರತಿಷ್ಠಿತ ರಾಯಲ್ ಯಾಟ್ ಸ್ಕ್ವಾಡ್ರನ್ ಅವನನ್ನು ಸದಸ್ಯನನ್ನಾಗಿ ಸೇರಿಸಿಕೊಂಡದ್ದು 1931ರಲ್ಲಿ, ಅವನು ಕಣ್ಮುಚ್ಚಿದ ವರ್ಷ. ಅಮೆರಿಕದ ಜನ ಅಷ್ಟು ತಡಮಾಡಲಿಲ್ಲ. ಹಾಸ್ಯಗಾರ ವಿಲ್ ರೋಜರ್ಸ್‌ನ ಸೂಚನೆಯಂತೆ 1930ರಲ್ಲಿ ಸಾಮಾನ್ಯರು ಒಂದೊಂದು ಡಾಲರ್ ಕೂಡಿಸಿ ಅವನಿಗೆ ಚಿನ್ನದ ಬಟ್ಟಲೊಂದನ್ನು ಅರ್ಪಿಸಿದರು. ಬೆಳ್ಳಿ ಗೆದ್ದವರ ಕೈಯಲ್ಲಿ ಉಳಿಯಿತು. ಚಿನ್ನ ಸೋತವನಿಗೆ ಸಂದಿತು.

ಬೋಲ್ಟು ಸಡಿಲವಾಯಿತು

1980ರ ಹೊತ್ತಿಗೆ ಇಪ್ಪತ್ತನಾಲ್ಕು ಸವಾಲುಗಳನ್ನು ಕ್ಲಬ್ಬು ಹಿಮ್ಮೆಟ್ಟಿಸಿತ್ತು. ಕಪ್ಪನ್ನು ಕಳೆಯುವ ನಾಯಕನ ತಲೆಯನ್ನೇ ಅದರ ಜಾಗದಲ್ಲಿ ಇಡುವುದೆಂದು ಸದಸ್ಯರು ವಿನೋದ ಮಾಡುತ್ತಿದ್ದರಂತೆ. 1983ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಿಂದ ‘ಆಸ್ಟ್ರೇಲಿಯ 2’ ಬಂದಿತು. ನೌಕೆಯನ್ನು ನೀರಿನಿಂದ ಮೇಲೆತ್ತಿದಾಗಲೆಲ್ಲ ಅದರ ಅಡಿಭಾಗಕ್ಕೆ ಬಟ್ಟೆಯ ಮರೆ ಕಟ್ಟುತ್ತಿದ್ದರು. ಮರೆಯ ಹಿಂದಿದ್ದುದು ಬೆನ್ ಲೆಕ್ಸೆನ್ ರೂಪಿಸಿದ ಹೊಸ ಬಗೆಯ ಕೀಲ್. ನೌಕೆ ಪಕ್ಕಕ್ಕೆ ಜಾರದಂತೆ ತಡೆಯುವ ಭಾರವಾದ ಆ ಅಡಿಹಲಗೆಯ ತುದಿಯಲ್ಲಿ ಎರಡು ರೆಕ್ಕೆಗಳಿದ್ದವು. ಅದು ನಿಯಮಕ್ಕೆ ಒಪ್ಪುವುದೇ ಎಂದು ಕ್ಲಬ್ಬಿನವರು ತಕರಾರು ತೆಗೆದರು, ಫಲವಾಗಲಿಲ್ಲ.

ಆದರೂ ಡೆನ್ನಿಸ್ ಕಾನರ್ ನಡೆಸುತ್ತಿದ್ದ ‘ಲಿಬರ್ಟಿ’ ಮೂರು ಓಟ ಗೆದ್ದಾಗ ಎದುರಾಳಿ ಗೆದ್ದಿದ್ದುದು ಒಂದೇ. ಆಮೇಲೆ ಗಾಳಿ ತಿರುಗಿತು. ಮೂರು ಮೂರು ಸಮನಾಗಿ, ಸೆಪ್ಟೆಂಬರ್ 26ರ ಏಳನೆಯ ಓಟದಲ್ಲಿ ಮುಂದಿದ್ದ ‘ಲಿಬರ್ಟಿ’ಯನ್ನು ದಾಟಿ ‘ಆಸ್ಟ್ರೇಲಿಯ 2’ ಕೇವಲ 41 ಸೆಕೆಂಡುಗಳ ಅಂತರದಿಂದ ಗೆದ್ದಿತು. 132 ವರ್ಷಗಳ ಒಡೆತನ ಮುಗಿಯಿತು. ಮರುದಿನವೇ ನ್ಯೂಪೋರ್ಟಿನಲ್ಲಿ ಕ್ಲಬ್ಬು ಹೂಜಿಯನ್ನು ಗೆದ್ದವರ ಕೈಗೆ ಒಪ್ಪಿಸಿತು.

ಕ್ಲಬ್ಬು ಇದರಿಂದ ಮುಳುಗಿಹೋಗಲಿಲ್ಲ. 1988ರಲ್ಲಿ ನ್ಯೂಪೋರ್ಟಿನ ಕಡಲ ದಂಡೆಯಲ್ಲಿ ‘ಹಾರ್ಬರ್ ಕೋರ್ಟ್’ ಎಂಬ ಎರಡನೆಯ ಮನೆಯನ್ನು ತೆರೆಯಿತು. 2009ರಿಂದ ಎರಡು ವರ್ಷಗಳಿಗೊಮ್ಮೆ ಜಗತ್ತಿನ ಯಾಟ್ ಕ್ಲಬ್ಬುಗಳ ಹವ್ಯಾಸಿ ನಾವಿಕರನ್ನು ಆಹ್ವಾನಿಸಿ ಪಂದ್ಯ ನಡೆಸತೊಡಗಿತು. ಕಪ್ಪನ್ನು ಮರಳಿ ಪಡೆಯಲೆಂದು 2021ರಲ್ಲಿಯೂ 2024ರಲ್ಲಿಯೂ ತಾನೇ ಸವಾಲುಗಾರನಾಗಿ ಹೋಗಿ ಬರಿಗೈಯಲ್ಲಿ ಹಿಂದಿರುಗಿತು. ಒಂದು ಕಾಲಕ್ಕೆ ಲಿಪ್ಟನ್ ನಿಂತಿದ್ದ ಸಾಲಿನಲ್ಲಿ ಆಗ ಆ ಕ್ಲಬ್ಬೇ ನಿಂತಿತ್ತು.

ಬಿಗಿದ ಬೋಲ್ಟು ಬಿಚ್ಚಿದ ಮೇಲೆಯೇ ದಾನಪತ್ರದ ಮಾತು ನಿಜವಾಯಿತೆನ್ನಬೇಕು. ತಳವಿಲ್ಲದ ಪಾತ್ರೆಯಲ್ಲಿ ಏನನ್ನೂ ಕೂಡಿಡಲಾಗದು. ಅದು ಕೈಯಿಂದ ಕೈಗೆ ಸಾಗಬೇಕಾದದ್ದು.