ಬ್ರಹ್ಮಕಮಲ: ಕಳ್ಳಿಯಾದರೂ ಬಿಸಿಲಿನ ಗಿಡವಲ್ಲ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಮನೆಗಳ ಮುಂದೆ ಬ್ರಹ್ಮಕಮಲದ ಕುಂಡ ಕಂಡರೆ ಇಂದು ಯಾರಿಗೂ ಅಚ್ಚರಿಯಾಗುವುದಿಲ್ಲ. ಒಬ್ಬರು ಒಂದು ಎಲೆ ಮುರಿದು ಕೊಡುತ್ತಾರೆ, ಇನ್ನೊಬ್ಬರು ತಂದು ನೆಡುತ್ತಾರೆ. ಆದರೆ ಬೇಸಿಗೆಯಲ್ಲಿ ಸುಟ್ಟುಹೋಯಿತು, ಮಳೆಗಾಲದಲ್ಲಿ ಕೊಳೆಯಿತು, ವರ್ಷಗಳಾದರೂ ಹೂ ಬಿಡಲಿಲ್ಲ ಎಂಬ ದೂರು ತಪ್ಪಿದ್ದಲ್ಲ. ಹೊಲದಲ್ಲಿ ತೊಗರಿ, ಕಬ್ಬು ಬೆಳೆಯುವ ಕೈಗಳು ಒಂದು ಕುಂಡದ ಮುಂದೆ ಸೋಲುವುದೇಕೆ?

ಕಳ್ಳಿ ಎಂದ ಕೂಡಲೇ ಬಿಸಿಲಿಗೆ ಇಡುವುದೇ ಮುಖ್ಯ ಕಾರಣ. ಬ್ರಹ್ಮಕಮಲ ಕಳ್ಳಿಯ ಕುಟುಂಬಕ್ಕೆ ಸೇರಿದ್ದು ನಿಜ. ಆದರೆ ಅದರ ತವರು ಮರುಭೂಮಿಯಲ್ಲ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡು. ಅಲ್ಲಿ ಮರದ ಕವಲುಗಳಲ್ಲಿ ಕೂಡಿದ ತರಗೆಲೆಯಲ್ಲಿ ಬೇರೂರಿ, ನೆರಳಿನಲ್ಲಿ ಇಳಿಬಿದ್ದು ಬೆಳೆಯುತ್ತದೆ. ನಾವು ಎಲೆ ಎನ್ನುವುದು ಅದರ ಚಪ್ಪಟೆಯಾದ ಕಾಂಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ.

ಮಣ್ಣು: ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆ ತೊಗರಿಗೆ ಒಗ್ಗುವ ಎರೆ ಮಣ್ಣು ಈ ಗಿಡಕ್ಕೆ ಆಗದು. ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿರಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ನೆಡುವುದು: ಗೇಣುದ್ದದ ತುಂಡನ್ನು ಕತ್ತರಿಸಿ, ನಾಲ್ಕೈದು ದಿನ ನೆರಳಿನಲ್ಲಿ ಗಾಯ ಒಣಗಲು ಬಿಡಿ. ಆಮೇಲೆ ಎರಡು ಬೆರಳಿನಷ್ಟು ಆಳಕ್ಕೆ ನೆಡಿರಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕಾಗಬಹುದು.

ಬಿಸಿಲು: ಬೆಳಗಿನ ಎಳೆ ಬಿಸಿಲು ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಅಂಗಳದ ಫರ್ಸಿ ಕಲ್ಲು ಕಾದು ಕುಂಡವನ್ನೂ ಕಾಯಿಸುತ್ತದೆ. ಬೇವಿನ ಮರದ ನೆರಳಿಗೋ, ಪಡಸಾಲೆಯ ಅಂಚಿಗೋ ತೂಗುಹಾಕಿರಿ. ಕಾಂಡ ಹಳದಿಯಾದರೆ ಬಿಸಿಲು ಹೆಚ್ಚಾಗಿರಬಹುದು. ಉದ್ದಕ್ಕೆ ಸಣಕಲಾಗಿ ಬೆಳೆದರೆ ಬೆಳಕು ಸಾಲದು.

ನೀರು, ಗೊಬ್ಬರ: ಬೆರಳು ಇಟ್ಟು ನೋಡಿ, ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ. ಚಳಿಗಾಲದಲ್ಲಿ ಇನ್ನೂ ಕಡಿಮೆ. ಜಡಿಮಳೆ ಹಿಡಿದಾಗ ಸೂರಿನ ಕೆಳಗಿಡಿ. ಹೊಲಕ್ಕೆ ತಂದ ಯೂರಿಯಾವನ್ನು ಒಂದು ಹಿಡಿ ಇದಕ್ಕೂ ಹಾಕಬೇಡಿ. ಗಿಡ ಸೊಕ್ಕಿ ಬೆಳೆಯುತ್ತದೆ, ಹೂ ಬಿಡದು. ಬಿಳಿ ಹಿಟ್ಟಿನಂತಹ ಕೀಟ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ ಮತ್ತು ಸ್ವಲ್ಪ ಸೋಪು ಕಲಸಿ ಸಂಜೆ ಸಿಂಪಡಿಸಿ.

ಆರೋಗ್ಯದ ಎರಡು ಎಚ್ಚರಿಕೆಗಳು

1. ಕುಂಡದ ಕೆಳಗಿನ ತಟ್ಟೆಯ ನೀರಿನಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮರಿಮಾಡುತ್ತದೆ. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆದು ಒಣಗಿಸಿ.

2. ಕಳ್ಳಿ ಎಂದು ಕರೆಯುವುದೆಲ್ಲ ಒಂದೇ ಜಾತಿಯಲ್ಲ. ಬ್ರಹ್ಮಕಮಲದ ಕಾಂಡ ಮುರಿದರೆ ನೀರಿನಂತಹ ರಸ ಬರುತ್ತದೆ. ಬೇಲಿಯ ಹಾಲುಗಳ್ಳಿ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ಬಿದ್ದರೆ ತೀವ್ರ ಉರಿ ಬಂದು ದೃಷ್ಟಿಗೇ ಅಪಾಯವಾಗಬಹುದು. ಅಂತಹ ಗಿಡವನ್ನು ಮಕ್ಕಳು ಆಡುವ ಕಡೆ ತೂಗುಹಾಕಬೇಡಿ. ಬೇಲಿ ಸವರುವಾಗಲೂ ಕಣ್ಣು ಜೋಪಾನ. ಹಾಲು ಸಿಡಿದರೆ ಉಜ್ಜದೆ, ಶುದ್ಧ ನೀರಿನಲ್ಲಿ ಕಾಲು ಗಂಟೆ ಕಣ್ಣು ತೊಳೆದು, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಎದೆಹಾಲು, ಎಣ್ಣೆ, ಎಲೆಯ ರಸ ಹಾಕುತ್ತ ಹೊತ್ತು ಕಳೆಯಬೇಡಿ.

ಮೊಗ್ಗು ಕಂಡ ಮೇಲೆ ಕುಂಡವನ್ನು ಜಾಗದಿಂದ ಜಾಗಕ್ಕೆ ಸರಿಸಬೇಡಿ, ಮೊಗ್ಗು ಉದುರಬಹುದು. ಹೂ ರಾತ್ರಿ ಅರಳಿ, ಪರಿಮಳ ಬೀರಿ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಹೂ ಬಿಟ್ಟರೆ ಹಣ ಬರುತ್ತದೆ ಎಂದು ಹೇಳಿ ದುಬಾರಿ ಬೆಲೆಗೆ ಗಿಡ ಮಾರುವವರ ಮಾತಿಗೆ ಮರುಳಾಗಬೇಡಿ. ನೆರೆಮನೆಯ ಒಂದು ತುಂಡು ಸಾಕು. ನಿಮ್ಮ ಗಿಡ ಹೂಬಿಟ್ಟ ರಾತ್ರಿ ಆ ನೆರೆಯವರನ್ನೂ ಕರೆಯಿರಿ.